ಬೆಂಚಿಗೆ ಮಾತ್ರ ಕೇಳಿಸಿದ ಕನ್ನಡ

ವಾಟರ್ ಪೋಲೊ ತಂಡದಲ್ಲಿ ಕೆಂಪು ಟೋಪಿಗಳು ಎರಡೇ. ಒಂದನೆಯ ನಂಬರಿನದು ನೀರಿನಲ್ಲಿ ಗೋಲಿನ ಮುಂದೆ ಇರುತ್ತದೆ; ಹದಿಮೂರನೆಯದು ಬೆಂಚಿನ ಮೇಲೆ. ಪರದೇಶದಲ್ಲಿ ನಡೆದ ಏಷ್ಯಾ ಮಟ್ಟದ ಆ ಪಂದ್ಯಾವಳಿಯಲ್ಲಿ ಭಾರತ ಪುರುಷರ ತಂಡದ ಹದಿಮೂರನೆಯವನು ನಾನಾಗಿದ್ದೆ. ಉಳಿದ ಬದಲಿ ಆಟಗಾರರು ಒಂದೇ ಪಂದ್ಯದಲ್ಲಿ ಹಲವು ಸಲ ನೀರಿಗಿಳಿದು, ಏದುಸಿರು ಬಿಡುತ್ತ ಹೊರಬಂದು, ಮತ್ತೆ ಇಳಿಯುತ್ತಾರೆ. ಬದಲಿ ಗೋಲ್‌ಕೀಪರ್ ಮಾತ್ರ ಒಣಗಿದ ಮೈಯಲ್ಲಿ, ಗಲ್ಲದ ಕೆಳಗೆ ಟೋಪಿಯ ದಾರ ಕಟ್ಟಿಕೊಂಡು ಕೂತೇ ಇರುತ್ತಾನೆ. ಎದುರಾಳಿಗಳಲ್ಲಿ ಯಾರು ಎಡಗೈಯವರು, ಯಾರು ಚೆಂಡೆತ್ತಿ ಎರಡು ಸಲ ಹೆದರಿಸಿ ಮೂರನೆಯ ಸಲ ಎಸೆಯುತ್ತಾರೆ ಎಂಬುದನ್ನು ಗಮನಿಸಿ, ವಿರಾಮದಲ್ಲಿ ಮೊದಲ ಗೋಲ್‌ಕೀಪರನ ಕಿವಿಯಲ್ಲಿ ಹೇಳುವುದು ಅವನ ಕೆಲಸ. ಅದಕ್ಕಿಂತ ಹೆಚ್ಚಾಗಿ, ಮೊದಲ ಗೋಲ್‌ಕೀಪರನನ್ನೇ ನೋಡುತ್ತಿರುವುದು ಅವನ ಕೆಲಸ. ಆ ತಂಡದಲ್ಲಿ ಅವನನ್ನು ನನ್ನಷ್ಟು ನೋಡಿದವರು ಬೇರೆ ಯಾರೂ ಇರಲಿಲ್ಲ.

ಆ ಮೊದಲ ಗೋಲ್‌ಕೀಪರ್ ಚನ್ನಪಟ್ಟಣದ ಕಡೆಯವನು. ಕಣ್ವ ಅಣೆಕಟ್ಟಿನ ಕೆಳಗಿನ ಒಂದು ಹಳ್ಳಿಯಲ್ಲಿ ಅವನ ಮನೆ. ನಾನು ಮಾಗಡಿಯವನು. ಒಂದೇ ಜಿಲ್ಲೆಯ ಇಬ್ಬರು ದೇಶದ ತಂಡದ ಎರಡೂ ಕೆಂಪು ಟೋಪಿಗಳನ್ನು ಧರಿಸಿದ್ದು ಕಾಕತಾಳೀಯವಲ್ಲ. ನಾನು ಓದಿದ್ದು ರಾಮನಗರದ ಬಂಡೆಗಳ ನಡುವೆ ಇದ್ದ ಒಂದು ಸಣ್ಣ ಪರ್ಯಾಯ ಶಾಲೆಯಲ್ಲಿ. ಅಲ್ಲಿ ರ‍್ಯಾಂಕ್ ಇರಲಿಲ್ಲ, ಬೆತ್ತ ಇರಲಿಲ್ಲ. ಎಲ್ಲರೂ ವೃತ್ತಾಕಾರವಾಗಿ ಕುಳಿತು, ಕಂಡ ತಪ್ಪನ್ನು ಅದು ಯಾರದೇ ಆಗಿರಲಿ ಎದುರಿಗೇ ಹೇಳಬೇಕೆಂಬ ನಿಯಮವಿತ್ತು. ಅಲ್ಲಿ ಈಜು ಕಲಿಸುತ್ತಿದ್ದ ಮೇಷ್ಟ್ರು ಹಿಂದೊಮ್ಮೆ ವಾಟರ್ ಪೋಲೊ ಆಡಿದವರು. ಶಾಲೆಗೆ ಕೊಳವಿರಲಿಲ್ಲ. ಸುತ್ತಲ ಹಳ್ಳಿಗಳ ಬಾವಿಗಳಲ್ಲಿ ಕೆಲವಕ್ಕೆ, ಜಾತಿಯ ಕಾರಣದಿಂದ, ನಮ್ಮಲ್ಲಿ ಕೆಲವರು ಮಾತ್ರ ಇಳಿಯಬಹುದಿತ್ತು. ಎಲ್ಲರೂ ಇಳಿಯಲಾಗದ ಬಾವಿಗೆ ಯಾರೂ ಇಳಿಯುವುದು ಬೇಡ ಎಂದು ಮೇಷ್ಟ್ರು ತೀರ್ಮಾನಿಸಿದರು. ಅರ್ಕಾವತಿಯಂತೂ ಪಟ್ಟಣಗಳ ಕೊಳೆಯನ್ನೆಲ್ಲ ಹೊತ್ತು ಬರುತ್ತಿತ್ತು. ಹಾಗಾಗಿ ನಮ್ಮನ್ನು ಕಣ್ವಕ್ಕೆ ಕರೆದೊಯ್ದರು. ಅಲ್ಲಿ ದನ ಕಾಯುತ್ತ, ನಮ್ಮನ್ನು ನೋಡಿ ನಗುತ್ತ ದಡದಲ್ಲಿ ನಿಂತಿದ್ದವನು ಅವನು.

"ಏನ್ರಲಾ ಅದು, ಕಪ್ಪೆ ಒದ್ದಾಡ್ದಂಗೆ ಒದ್ದಾಡ್ತೀರಿ!" ಎಂದ. ಮೇಷ್ಟ್ರು ಅವನನ್ನೇ ನೀರಿಗೆ ಕರೆದರು. ಸಂಜೆಯ ಹೊತ್ತಿಗೆ ನಮಗಿಂತ ಚೆನ್ನಾಗಿ ಒದ್ದಾಡುತ್ತಿದ್ದ.

ಗೋಲು ಮಾಡಿಕೊಟ್ಟವನೂ ಅವನೇ. ಅವನ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹಣ್ಣಾದ ಹುಳುಗಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಗಳಲ್ಲಿ ಮುರಿದವೆರಡನ್ನು ಜೋಡಿಸಿ, ಹಿಂದೆ ಮೀನಿನ ಬಲೆ ಬಿಗಿದು, ಖಾಲಿ ಎಣ್ಣೆ ಕ್ಯಾನುಗಳ ಮೇಲೆ ತೇಲಿಬಿಟ್ಟ. ಚೆಂಡು ಜೋರಾಗಿ ಬಡಿದರೆ ಚಂದ್ರಿಕೆಯ ದಬ್ಬೆ ಮುರಿಯುತ್ತದೆಂದು ಅವನಿಗೆ ಸದಾ ಆತಂಕ. ಆದ್ದರಿಂದ ಚೆಂಡು ಗೋಲಿಗೆ ತಗಲುವ ಮುನ್ನವೇ ತಡೆಯುವುದನ್ನು ಕಲಿತ. ಅಣೆಕಟ್ಟಿನಲ್ಲಿ ಕಾಲಿಗೆ ತಳ ಸಿಗುವುದಿಲ್ಲ. ಎರಡು ಕಾಲುಗಳನ್ನೂ ಮಜ್ಜಿಗೆ ಕಡೆದಂತೆ ಒಂದರ ಹಿಂದೊಂದು ಸುತ್ತಿಸುತ್ತಲೇ ಎದೆಯವರೆಗೆ ಮೇಲೇಳಬೇಕು. ಅವನ ಕಾಲುಗಳು ಆ ನೀರಿನಲ್ಲಿ ತಯಾರಾದವು. ಶಾಲೆ ಬಿಟ್ಟ ಮೇಲೂ ನಾನು ಮಾಗಡಿಯಿಂದ ಬಸ್ಸು ಬದಲಿಸುತ್ತ ಅಲ್ಲಿಗೆ ಹೋಗುತ್ತಿದ್ದೆ. ಮಾಗಡಿಗೆ ರೈಲಿಲ್ಲವಾದ್ದರಿಂದ ಸಂಜೆಯ ಬಸ್ಸು ತಪ್ಪಿಸುವಂತಿರಲಿಲ್ಲ. ಆಮೇಲೆ ನಾನು ಬಿಡದಿಯ ಹತ್ತಿರದ ಒಂದು ಖಾಸಗಿ ಕೊಳದಲ್ಲಿ ಅಭ್ಯಾಸ ಮಾಡತೊಡಗಿದೆ. ಆ ಕೊಳದ ಒಂದು ತುದಿ ಆಳವಿಲ್ಲ. ನಮ್ಮ ದೇಶದ ಬಹುತೇಕ ಕೊಳಗಳು ಹಾಗೆಯೇ. ಗೋಲ್‌ಕೀಪರುಗಳು ತಳಕ್ಕೆ ಕಾಲೂರಿ ಜಿಗಿಯುವುದನ್ನು ಕಲಿಯುತ್ತಾರೆ, ಅಂತರರಾಷ್ಟ್ರೀಯ ಕೊಳದಲ್ಲಿ ಕಾಲಿಗೆ ತಳವೇ ಸಿಗುವುದಿಲ್ಲ. ಇಡೀ ಜಿಲ್ಲೆಗೆ ಆಳವಾದ ಒಂದು ಸಾರ್ವಜನಿಕ ಕೊಳವನ್ನು ಕಟ್ಟದಿರುವುದು ಅನ್ಯಾಯ ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಇಲ್ಲಿಯೂ ಹೇಳುತ್ತೇನೆ.

ಅವನು ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ತಂಡದ ಶಿಬಿರಕ್ಕೆ ಹೋದ ದಿನಗಳಿಗೆ ಸಂಬಳವಿಲ್ಲ. ಹಿಂದಿರುಗಿದಾಗ ಕೆಲಸ ಇರುತ್ತದೆಂಬ ಖಾತರಿಯೂ ಇಲ್ಲ. ದೇಶದ ಪರವಾಗಿ ಆಡುವವನನ್ನು ಹಾಗೆ ನಡೆಸಿಕೊಳ್ಳುವುದು ತಪ್ಪು. ಅದನ್ನು ನಾನು ಬರೆದು, ಕೇಳಿ, ಕಚೇರಿಗಳ ಮುಂದೆ ನಿಂತು ಹೇಳಿದ್ದೆ. ಕೆರೆಗಳ ಉಳಿವಿಗಾಗಿ ದುಡಿಯುವ ಸಣ್ಣ ಸಂಘವೊಂದರಲ್ಲಿ ನನ್ನ ಕೆಲಸ. ಅರ್ಜಿ, ಧರಣಿ ನನಗೆ ಹೊಸದಲ್ಲ. ತಂಡದಲ್ಲಿ ನನ್ನ ಅಡ್ಡಹೆಸರೇ 'ಧರ್ನಾ'. ಗೆಳೆಯ ಮಾತ್ರ ಕನ್ನಡದಲ್ಲಿ ಛೇಡಿಸುತ್ತಿದ್ದ: "ಏನ್ಲಾ ಅರ್ಜಿದಾರ, ಇವತ್ತು ಯಾರ್ ಮೇಲ್ ಬರ್ದೆ?"

ಆ ಪಂದ್ಯಾವಳಿಗೆ ಹೊರಡುವಾಗ ನಾನು ಬರೆದದ್ದು ತಂಡದ ವೈದ್ಯರ ಬಗ್ಗೆ. ವೈದ್ಯರಿಗೆಂದು ಇದ್ದ ಜಾಗದಲ್ಲಿ ಅಧಿಕಾರಿಯೊಬ್ಬರ ಆಪ್ತರು ಪ್ರಯಾಣ ಮಾಡುತ್ತಿದ್ದರು. ತಲೆಗೆ, ಕಣ್ಣಿಗೆ, ಕಿವಿಗೆ ಪೆಟ್ಟು ಬೀಳುವ ಆಟಕ್ಕೆ ವೈದ್ಯರಿಲ್ಲದೆ ತಂಡ ಕಳಿಸುವುದು ಅಪರಾಧಕ್ಕೆ ಸಮ ಎಂದು ನಾನು ಮ್ಯಾನೇಜರಿಗೆ ಹೇಳಿದೆ. ಅವರು ನಕ್ಕು, ಅದೇ ದಿನ ಎಲ್ಲರನ್ನೂ ಕೂರಿಸಿ ಒಂದು ನಿಯಮ ಮಾಡಿದರು: ಪಂದ್ಯದ ಅಧಿಕಾರಿಗಳೊಡನೆ ಮ್ಯಾನೇಜರ್ ಬಿಟ್ಟು ಇನ್ನಾರೂ ಮಾತಾಡಕೂಡದು. ಹೇಳುವಾಗ ಅವರು ಯಾರನ್ನು ನೋಡುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿತ್ತು.

ಗುಂಪಿನ ಪಂದ್ಯಗಳನ್ನೆಲ್ಲ ಸೋತೆವು, ಅದು ನಿರೀಕ್ಷಿತವೇ. ಮುಖ್ಯವಾದದ್ದು ಕೊನೆಯ ಸ್ಥಾನ ನಿರ್ಣಯದ ಪಂದ್ಯ. ಎದುರಾಳಿ ನಮ್ಮಷ್ಟೇ ಬಲದ ತಂಡ. ಗೆದ್ದರೆ ಸಿಗುವ ಸ್ಥಾನಕ್ಕೆ ಸರ್ಕಾರಿ ನೌಕರಿಯ ಕ್ರೀಡಾ ಕೋಟಾದಲ್ಲಿ ಬೆಲೆಯಿತ್ತು. ತಂಡದ ಅರ್ಧ ಜನರಿಗೆ ಸೇನೆಯಲ್ಲೋ ಪೊಲೀಸಿನಲ್ಲೋ ಕೆಲಸವಿತ್ತು. ಉಳಿದವರಿಗೆ, ಅದರಲ್ಲೂ ನನ್ನ ಗೆಳೆಯನಿಗೆ, ಆ ಒಂದು ಪಂದ್ಯ ಗುತ್ತಿಗೆಯಿಂದ ಹೊರಬರುವ ಬಾಗಿಲಾಗಿತ್ತು. ಅಂದು ಬೆಳಿಗ್ಗೆ ಟೋಪಿ ಕಟ್ಟಿಕೊಳ್ಳುತ್ತ ಅವನು ಹೇಳಿದ್ದು ಇಷ್ಟೇ: "ಇವತ್ತೊಂದ್ ತಡುದ್ಬುಟ್ರೆ ಸಾಕು ಕಣ್ಲಾ. ಆಮ್ಯಾಕೆ ಜೀವಮಾನದಲ್ಲಿ ಚೆಂಡು ಮುಟ್ಟಕ್ಕಿಲ್ಲ."

ನಾಲ್ಕು ಭಾಗಗಳ ಆಟದ ಮೊದಲ ಭಾಗದಲ್ಲಿ ಅವನು ಅದ್ಭುತವಾಗಿ ಆಡಿದ. ವಾಟರ್ ಪೋಲೊದಲ್ಲಿ ಗೋಲ್‌ಕೀಪರನಿಗೆ ಮಾತ್ರ ಇಡೀ ಕೊಳ ಕಣ್ಣೆದುರಿಗಿರುತ್ತದೆ. ಎದುರಾಳಿಯ ಬೆನ್ನಿಗೆ ಅಂಟಿಕೊಂಡು ಒದ್ದಾಡುವ ರಕ್ಷಣೆಯ ಆಟಗಾರರಿಗೆ ಅವನ ಕೂಗೇ ಕಣ್ಣು. ನಮ್ಮ ತಂಡದಲ್ಲಿ ಆ ಕೂಗು ಹಿಂದಿ, ಇಂಗ್ಲಿಷ್ ಬೆರೆತದ್ದು: ಒತ್ತಿ ಹಿಡಿಯಲು ಪ್ರೆಸ್, ಹಿಂದೆ ಸರಿಯಲು ಡ್ರಾಪ್, ಕೈಯೆತ್ತಲು ಹಾತ್ ಉಪರ್. ಅವನ ಕಂಠ ಆ ದೊಡ್ಡ ಸಭಾಂಗಣದ ಚಾವಣಿಗೆ ತಾಕುತ್ತಿತ್ತು.

ಎರಡನೆಯ ಭಾಗದಲ್ಲಿ ನಮ್ಮವನೊಬ್ಬ ತಪ್ಪೆಸಗಿ ಕೆಲ ಹೊತ್ತು ಆಟದಿಂದ ಹೊರಗಿರಬೇಕಾಯಿತು. ಐವರು ಆರು ಜನರನ್ನು ತಡೆಯಬೇಕಾದ ಆ ಹೊತ್ತಿನಲ್ಲಿ ಎದುರಾಳಿಗಳು ಚೆಂಡನ್ನು ಮೂಲೆಯಿಂದ ಮೂಲೆಗೆ ದಾಟಿಸಿ, ಗೋಲಿಗೆ ತೀರ ಸಮೀಪದಿಂದ ಎಸೆದರು. ಅವನು ಮೇಲೆದ್ದಿದ್ದ, ಕೈಗಳು ಬದಿಗೆ ಚಾಚಿದ್ದವು. ಚೆಂಡು ಅವನ ಕಣತಲೆಗೆ, ಟೋಪಿಯ ಕಿವಿಗವಚದ ಅಂಚಿಗೆ ಬಡಿದು ಕಂಬದ ಮೇಲೆ ಹಾರಿಹೋಯಿತು. ಆ ಸದ್ದು ಬೆಂಚಿಗೆ ಕೇಳಿಸಿತು. ಅವನು ಗಲ್ಲದವರೆಗೆ ಮುಳುಗಿದ, ಮತ್ತೆ ಎದ್ದ, ರೆಫರಿಗೆ ಹೆಬ್ಬೆರಳು ತೋರಿಸಿದ. ಗೋಲು ಆಗಿರಲಿಲ್ಲವಾದ್ದರಿಂದ ನಮ್ಮ ಬೆಂಚು ಎದ್ದು ನಿಂತು ಕುಣಿಯಿತು.

ಮುಂದಿನ ದಾಳಿ ಬಂದಾಗ ಅವನ ಕೂಗು ಕೇಳಿಸಿತು.

"ಈ ಕಡೀಕ್ ಬರ್ರಲಾ! ಚಂದ್ರಿಕೆ ತಾವ ಬರ್ರಿ!"

ಮೊದಲು ನನಗೆ ನಗು ಬಂತು. ಆವೇಶದಲ್ಲಿ ಮನೆಯ ಮಾತು ಬಂದಿರಬೇಕು ಎಂದುಕೊಂಡೆ. ಅವನು ಆ ಚೆಂಡನ್ನೂ ತಡೆದ. ಅದು ಎರಡೂ ಕೈಗಳಿಂದ ಹಿಡಿದ ಬಲು ಚೆಂದದ ತಡೆ. ತಡೆದವನು ಚೆಂಡನ್ನು ಹಿಡಿದುಕೊಂಡೇ ಹಿಂದೆ ತಿರುಗಿ ಗೋಲಿನ ಕಂಬವನ್ನು ಕೈಯಿಂದ ಸವರಿ ನೋಡಿದ.

"ಮೆಲ್ಲುಕ್ ಎಸೀರಿ ಅಂದ್ರೆ ಕೇಳಕ್ಕಿಲ್ವಲ್ಲ! ದಬ್ಬೆ ಮುರ್ದೋದ್ರೆ ನಮ್ಮಪ್ಪ ಸುಮ್ಕಿರ್ತಾನಾ?"

ಕೇರಳದವನಾದ ನಮ್ಮ ಕ್ಯಾಪ್ಟನ್ ಅದನ್ನು ಹುಮ್ಮಸ್ಸಿನ ಕೂಗೆಂದು ತಿಳಿದು ನೀರಿನಿಂದ ಕೈಯೆತ್ತಿ ಹುರಿದುಂಬಿಸಿದ. ಆರು ಆಟಗಾರರಲ್ಲಿ ಒಬ್ಬನಿಗೂ ಆ ಮಾತು ಅರ್ಥವಾಗಿರಲಿಲ್ಲ. ಗ್ಯಾಲರಿಯಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಅವನು ಆ ಕ್ಷಣದಲ್ಲಿ ಕಣ್ವದ ನೀರಿನಲ್ಲಿದ್ದಾನೆ, ಬೆನ್ನ ಹಿಂದೆ ಮುರುಕು ಚಂದ್ರಿಕೆ ತೇಲುತ್ತಿದೆ ಎಂದು ನಂಬಿದ್ದಾನೆ ಎಂಬುದನ್ನು ಆ ಇಡೀ ದೇಶದಲ್ಲಿ ತಿಳಿದಿದ್ದವನು ನಾನೊಬ್ಬನೇ. ಅಷ್ಟು ಜನರ ನಡುವೆ ಅಂಥ ಒಂಟಿತನವನ್ನು ನಾನು ಹಿಂದೆಂದೂ ಅನುಭವಿಸಿರಲಿಲ್ಲ.

ಕೋಚ್ ಬಳಿ ಹೋಗಿ ಹೇಳಿದೆ: ಅವನ ತಲೆಗೆ ಪೆಟ್ಟಾಗಿದೆ, ತಾನೆಲ್ಲಿದ್ದೇನೆಂಬುದು ಅವನಿಗೆ ತಿಳಿಯುತ್ತಿಲ್ಲ, ಹೊರಗೆ ಕರೆಯಿರಿ.

ಕೋಚ್ ಕೊಳದಿಂದ ಕಣ್ಣು ತೆಗೆಯದೆ ಹಿಂದಿಯಲ್ಲಿ ಕೇಳಿದರು: "ಎರಡು ಗೋಲು ತಡೆದನಲ್ಲ, ತಲೆ ಕೆಟ್ಟವನು ತಡೆಯುತ್ತಾನಾ?"

"ಅವನ ಮೈ ತಡೆಯುತ್ತಿದೆ ಸರ್, ಅವನಲ್ಲ. ಏನೇನೋ ಕೂಗುತ್ತಿದ್ದಾನೆ."

ಆಗ ಅವರು ತಿರುಗಿ ನನ್ನ ಮುಖ ನೋಡಿದರು. ಬಳಿಕ ನನ್ನ ತಲೆಯ ಮೇಲಿನ ಕೆಂಪು ಟೋಪಿಯನ್ನು. "ನೀನು ಕೂತುಕೋ," ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನನ್ನ ಮಾತು ಪೂರ್ತಿ ಅರ್ಥವಾಗಿತ್ತು, ಅಥವಾ ಅರ್ಥವಾಯಿತೆಂದು ಅವರು ಭಾವಿಸಿದ್ದರು.

ಬೆಂಚಿಗೆ ಹಿಂದಿರುಗಿ ಕೂತಾಗ ಅವರ ನೋಟದಿಂದಲೇ ನನ್ನನ್ನು ನೋಡಿಕೊಳ್ಳಲು ಯತ್ನಿಸಿದೆ. ನಾನು ಹೇಳುತ್ತಿರುವುದು ನಿಜವಾದರೆ ಲಾಭ ನನಗೆ. ಸಾಕ್ಷಿ ನಾನೊಬ್ಬನೇ, ಭಾಷಾಂತರಕಾರ ನಾನೇ, ತೀರ್ಪು ಬಂದರೆ ಗೋಲಿಗಿಳಿಯುವವನೂ ನಾನೇ. ಬೇರೊಬ್ಬರು ಇಂಥ ಸ್ಥಿತಿಯಲ್ಲಿ ಬಂದು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲವೇನೋ. ನನಗೆ ಒಳಗೆ ಹೋಗುವ ಆಸೆ ಇರಲಿಲ್ಲವೇ ಎಂದು ಕೇಳಿಕೊಂಡೆ. ಇತ್ತು. ಹದಿಮೂರನೆಯ ಟೋಪಿ ಧರಿಸಿದ ಯಾರಿಗೂ ಅದು ಇಲ್ಲದೆ ಇರುವುದಿಲ್ಲ. ಆದರೆ ನನ್ನ ಆಸೆಯಿಂದಾಗಿ ಅವನ ಪೆಟ್ಟು ಸುಳ್ಳಾಗುವುದಿಲ್ಲ ಎಂಬಲ್ಲಿಗೆ ಬಂದು ನಿಂತೆ.

ಮಧ್ಯಂತರದ ಸೀಟಿ ಊದಿದಾಗ ನಾವು ಒಂದು ಗೋಲಿನಿಂದ ಮುಂದಿದ್ದೆವು. ಆಟಗಾರರು ಕೊಳದ ಅಂಚು ಹಿಡಿದು ನೀರಿನಲ್ಲೇ ಉಳಿದರು. ಕೋಚ್ ಅವನನ್ನು ಇಂಗ್ಲಿಷಿನಲ್ಲಿ ಕೇಳಿದರು: "ಆರ್ ಯು ಓಕೆ? ಸ್ಕೋರ್ ಎಷ್ಟು?" ಎದುರಿಗೇ ದೀಪದ ಅಂಕಿಗಳ ದೊಡ್ಡ ಫಲಕವಿತ್ತು. ಅವನು ಅದನ್ನು ಓದಿ ಹೇಳಿ, "ಫೈನ್, ಕೋಚ್," ಎಂದ. ಕೋಚ್ ನನ್ನ ಕಡೆ ನೋಡಿದರು. ನಾನು ಟವೆಲು ಕೊಡುವ ನೆಪದಲ್ಲಿ ಬಾಗಿ ಅವನ ಹೆಗಲ ಮೇಲೆ ಕೈಯಿಟ್ಟೆ. ಅವನು ನನ್ನನ್ನು ನೋಡಿ ಸಂತೋಷದಿಂದ ನಕ್ಕ.

"ಇನ್ನೂ ಹೊಂಟಿಲ್ವಾ ನೀನು? ಮಾಗಡಿ ಬಸ್ಸು ತಪ್ಪೋಯ್ತದೆ, ಹೋಗ್ಲಾ. ಬಲೆ ನಾನ್ ಬಿಚ್ಕತೀನಿ."

"ಏನಂತೆ?" ಎಂದು ಕ್ಯಾಪ್ಟನ್ ಕೇಳಿದ.

"ನಮ್ಮೂರಿನ ಬಸ್ಸು ನನಗೆ ತಪ್ಪಿಹೋಗುತ್ತದೆ, ಬೇಗ ಹೊರಡು ಅನ್ನುತ್ತಿದ್ದಾನೆ," ಎಂದೆ.

ಎಲ್ಲರೂ ನಕ್ಕರು. "ಸರಿಯಾಗೇ ಹೇಳಿದ್ದಾನೆ. ಧರ್ನಾಗೆ ಒಂದು ಟಿಕೆಟ್ ತೆಗೆದುಕೊಡಿ," ಎಂದು ಯಾರೋ ಅಂದರು. ಗೆಳೆಯನೂ ಅವರ ಜೊತೆ ನಕ್ಕ. ಯಾತಕ್ಕೆ ನಗುತ್ತಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ.

ಅಂಕಪಟ್ಟಿ ನೋಡಿಕೊಳ್ಳುವವರ ಮೇಜಿನ ಕೊನೆಯಲ್ಲಿ ಸಂಘಟಕರ ವೈದ್ಯೆ ಕುಳಿತಿದ್ದರು. ಬಿಳಿ ಕೋಟಿನ ನಡುವಯಸ್ಸಿನ ಹೆಂಗಸು. ನಾನು ಬೆಂಚು ಬಿಟ್ಟು ಅತ್ತ ನಡೆದೆ. ಹಿಂದಿನಿಂದ ಮ್ಯಾನೇಜರ್ ನನ್ನ ನಂಬರು ಹಿಡಿದು ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಿದೆ: ನಮ್ಮ ಗೋಲ್‌ಕೀಪರನ ತಲೆಗೆ ಚೆಂಡು ಬಿದ್ದಿದೆ, ಅವನು ಚಿಕ್ಕಂದಿನ ಒಂದು ಜಾಗದಲ್ಲಿದ್ದೇನೆಂದು ತಿಳಿದು ನಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದಾನೆ, ನಮ್ಮ ತಂಡದೊಡನೆ ವೈದ್ಯರು ಬಂದಿಲ್ಲ.

ಮೂರನೆಯ ವಾಕ್ಯ ಕೇಳಿ ಅವರ ಹುಬ್ಬು ಮೇಲೇರಿತು. ಕೂಡಲೇ ಎದ್ದರು.

ಅವನನ್ನು ಮೇಲಕ್ಕೆ ಕರೆಸಿ ಟೈಲ್ಸಿನ ಮೇಲೆ ಕೂರಿಸಿದರು. ಅವರ ಇಂಗ್ಲಿಷ್ ಅವನಿಗೆ ತಿಳಿಯಲಿಲ್ಲ. ಅವನ ತುಂಡು ಇಂಗ್ಲಿಷ್ ಅವರಿಗೆ ತಿಳಿಯಲಿಲ್ಲ. "ನೀವು ಕೇಳಿ," ಎಂದು ನನಗೆ ಹೇಳಿದರು. ಎಲ್ಲಿದ್ದೀ, ಯಾರ ಮೇಲೆ ಆಡುತ್ತಿದ್ದೀ, ತಿಂಗಳುಗಳ ಹೆಸರನ್ನು ಕೊನೆಯಿಂದ ಹೇಳು: ಒಂದೊಂದನ್ನೂ ಕನ್ನಡಕ್ಕೆ ತಂದು ಕೇಳಿದೆ. ಅವನ ಉತ್ತರಗಳನ್ನು ಇಂಗ್ಲಿಷಿಗೆ ತಂದು ಹೇಳಿದೆ. ಡಿಸೆಂಬರಿನಿಂದ ಹೊರಟವನು ಅಕ್ಟೋಬರಿನಲ್ಲಿ ನಿಂತು, "ಸಾಕ್ ಬುಡ್ಲಾ, ತಲೆ ಗಿಮ್ ಅಂತೈತೆ," ಎಂದ.

ಅಷ್ಟರಲ್ಲಿ ಕೋಚ್ ಬಂದರು. ಆಕ್ಷೇಪ ಸ್ಪಷ್ಟವಾಗಿತ್ತು. "ಇವನು ಬದಲಿ ಗೋಲ್‌ಕೀಪರ್. ಅವನು ಹೊರಗೆ ಬಂದರೆ ಇವನಿಗೆ ಆಟ. ಇವನು ಹೇಳಿದ್ದನ್ನು ನೀವು ನಂಬುತ್ತೀರಾ?"

ವೈದ್ಯೆ ನನ್ನನ್ನು ನೋಡಿದರು. ಆಗ ನಾನು ಹೇಳಿದ್ದು ಆ ಪಂದ್ಯದಲ್ಲಿ ನಾನು ಮಾಡಿದ ಒಂದೇ ಸರಿಯಾದ ತೀರ್ಮಾನ ಎಂದು ಇಂದಿಗೂ ನಂಬುತ್ತೇನೆ.

"ಅವರ ಮಾತು ಸರಿ. ನನ್ನ ಅನುವಾದವನ್ನು ನಂಬಬೇಡಿ. ಮಾತೇ ಬೇಡದ ಪರೀಕ್ಷೆಯೊಂದಿದ್ದರೆ ಮಾಡಿ. ನಾನು ದೂರ ನಿಲ್ಲುತ್ತೇನೆ."

ನಾನು ಮೇಜಿನ ಆಚೆಗೆ ಹೋಗಿ ಬೆನ್ನು ತಿರುಗಿಸಿ ನಿಂತೆ. ಅವರು ತಾವೇ ಮಾಡಿ ತೋರಿಸಿ ಅವನಿಂದ ಮಾಡಿಸಿದರೆಂದು ಆಮೇಲೆ ತಿಳಿಯಿತು: ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಿಲ್ಲುವುದು. ನನಗೆ ಕೇಳಿಸಿದ್ದು ಒದ್ದೆ ಪಾದ ಟೈಲ್ಸಿನ ಮೇಲೆ ಜಾರಿದ ಸದ್ದು, ಮತ್ತೆ ಅದೇ ಸದ್ದು, ಬಳಿಕ ಕೋಚ್ ಅವನನ್ನು ಹಿಡಿದುಕೊಂಡಾಗ ಅವರ ಬಾಯಿಂದ ಹೊರಟ ಉದ್ಗಾರ.

"ಇವರು ನೀರಿಗಿಳಿಯುವಂತಿಲ್ಲ," ಎಂದು ವೈದ್ಯೆ ರೆಫರಿಗೆ ಹೇಳಿದರು.

ನಾನು ಇಳಿದೆ.

ಅದನ್ನು ವಿವರವಾಗಿ ಬರೆಯುವ ಮನಸ್ಸಿಲ್ಲ, ಆದರೂ ಬರೆಯದಿರುವುದು ಪ್ರಾಮಾಣಿಕವಲ್ಲ. ಬೆಂಚಿನಲ್ಲಿ ತಣಿದಿದ್ದ ಮೈಗೆ ನೀರು ಚುಚ್ಚಿತು. ಮೊದಲ ಎಸೆತವನ್ನು ಕೈ ತಡೆಯಿತು. ಆಮೇಲೆ ಕಾಲುಗಳು ಸೋತವು. ಕೊಳದ ತಳಕ್ಕೆ ಒದ್ದು ಏಳುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡ ಕಾಲು ಆಯಾಸವಾದಾಗ ತನ್ನಿಂತಾನೇ ಕೆಳಗೆ ಚಾಚಿ ತಳವನ್ನು ಹುಡುಕುತ್ತದೆ. ಹಾಗೆ ಹುಡುಕುವ ಅರೆಗಳಿಗೆಯಲ್ಲಿ ದೇಹ ಒಂದು ಗೇಣು ಕೆಳಗಿಳಿಯುತ್ತದೆ. ಎದುರಾಳಿಗಳು ಅದನ್ನು ಬಹುಬೇಗ ಕಂಡುಕೊಂಡರು. ಕೈ ಎತ್ತಿ ಎಸೆಯುವಂತೆ ಹೆದರಿಸಿ, ನಾನು ಎದ್ದು ಕುಸಿಯುವವರೆಗೆ ಕಾದು, ತಲೆಯ ಮೇಲಿಂದ ಮೆಲ್ಲನೆ ಚೆಂಡನ್ನು ತೇಲಿಸಿಬಿಟ್ಟರು. ನಾನು ಹಿಂದಿಯಲ್ಲಿ ಕೂಗಿದೆ, ಇಂಗ್ಲಿಷಿನಲ್ಲಿ ಕೂಗಿದೆ. ರಕ್ಷಣೆಯವರು ತಿರುಗಿಯೂ ನೋಡಲಿಲ್ಲ. ಗೋಲಿನ ಮುಂದೆ ನಿಂತವನ ಕೂಗನ್ನು ತಂಡ ಕೇಳಿಸಿಕೊಳ್ಳದಿದ್ದರೆ ಅವನು ಕುರುಡರ ನಡುವೆ ನಿಂತ ಮೂಗ. ಪಂದ್ಯ ನಮ್ಮ ಕೈ ಬಿಟ್ಟಿತು. ಸಣ್ಣ ಅಂತರದಿಂದಲೂ ಅಲ್ಲ.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ರಕ್ತಸ್ರಾವವೇನೂ ಕಾಣಲಿಲ್ಲ. ವೈದ್ಯೆ ಅದನ್ನು ಮೊದಲೇ ಹೇಳಿದ್ದರು: ಇಂಥ ಪೆಟ್ಟು ಚಿತ್ರದಲ್ಲಿ ಕಾಣದೆಯೂ ಇರುತ್ತದೆ, ಇದರ ಮೇಲೆ ಇನ್ನೊಂದು ಬೀಳುವುದೇ ಅಪಾಯ. ಆದರೆ ತಂಡಕ್ಕೆ ತಲುಪಿದ್ದು 'ಏನೂ ಇಲ್ಲವಂತೆ' ಎಂಬ ಮಾತು ಮಾತ್ರ. ವಿಮಾನ ನಿಲ್ದಾಣದ ಸಾಲಿನಲ್ಲಿ ಕ್ಯಾಪ್ಟನ್ ನನ್ನ ಪಕ್ಕ ಬಂದು ಶಾಂತವಾಗಿ ಹೇಳಿದ: "ಸಿಕ್ಕಿತಲ್ಲ ಧರ್ನಾ, ಆಟ? ಖುಷಿಯಾ?" ನನ್ನಲ್ಲಿ ಉತ್ತರವಿತ್ತು. ಹೇಳಿದರೆ ಅವನಿಗೆ ಅದು ಇನ್ನೊಂದು ಅರ್ಜಿಯಂತೆ ಕೇಳಿಸುತ್ತಿತ್ತು. ವಿಮಾನದಲ್ಲಿ ಗೆಳೆಯ ಕಿಟಕಿಯ ಪರದೆ ಎಳೆದು, ಕಣ್ಣ ಮೇಲೆ ಟವೆಲು ಹಾಕಿಕೊಂಡು ಮಲಗಿದ. ನನ್ನ ಪಕ್ಕದ ಸೀಟು ಖಾಲಿಯಿತ್ತು.

ಆಗ ನನಗೆ ಹೊಳೆದದ್ದನ್ನು ಇಲ್ಲಿ ದಾಖಲಿಸಬೇಕು. ನಾನು ಸುಮ್ಮನಿದ್ದು ಅವನಿಗೆ ಏನಾದರೂ ಆಗಿದ್ದರೆ, ಸುಮ್ಮನಿದ್ದುದು ತಪ್ಪೆಂದು ಇಡೀ ಜಗತ್ತಿಗೆ ತಿಳಿಯುತ್ತಿತ್ತು. ಹೇಳಿದ್ದರಿಂದ ಏನೂ ಆಗಲಿಲ್ಲ. ಏನೂ ಆಗದಿರುವುದಕ್ಕೆ ಸಾಕ್ಷಿಯಿರುವುದಿಲ್ಲ. ನದಿಯ ಕೊಳೆಯನ್ನು ಬಾಟಲಿಯಲ್ಲಿ ತುಂಬಿ ತಂದು ಅಧಿಕಾರಿಯ ಮೇಜಿನ ಮೇಲಿಡಬಹುದು. ತಪ್ಪಿಹೋದ ಅನಾಹುತವನ್ನು ಯಾವುದರಲ್ಲಿ ತುಂಬಿ ತರುವುದು?

ಒಂದಷ್ಟು ವಾರಗಳಾದ ಮೇಲೆ ಅವನ ಮನೆಗೆ ಹೋದೆ. ಫೋನಿಗೆ ಅವನು ಉತ್ತರಿಸುತ್ತಿರಲಿಲ್ಲ. ಹಿಪ್ಪುನೇರಳೆ ತೋಟದ ಅಂಚಿನ ಮನೆ. ಜಗಲಿಯ ಮೇಲೆ ಕೂತಿದ್ದ. ಅವನ ಹೆಂಡತಿ ಸೊಪ್ಪು ಹೆಚ್ಚುತ್ತಿದ್ದವಳು ಎದ್ದು ನೀರು ಕೊಟ್ಟು, ಮತ್ತೆ ಹೋಗಿ ಕೂತಳು. ಕಾರ್ಖಾನೆಯವರು ಅವನನ್ನು ಮತ್ತೆ ಗುತ್ತಿಗೆಗೆ ತೆಗೆದುಕೊಂಡಿದ್ದರು, ಈ ಸಲ ಬೇರೆ ಪಾಳಿಗೆ.

"ಬಾರಪ್ಪ ಅರ್ಜಿದಾರ," ಎಂದ. ಧ್ವನಿಯಲ್ಲಿ ಹಳೆಯ ತಮಾಷೆ ಇರಲಿಲ್ಲ.

ಹೇಗಿದ್ದೀ ಎಂದೆ. ಚೆನ್ನಾಗಿದ್ದೇನೆ ಎಂದ. ಆಮೇಲೆ ಹಿಪ್ಪುನೇರಳೆಯ ಸಾಲುಗಳತ್ತ ತಿರುಗಿ ಹೇಳಿದ:

"ನಂಗೆ ಒಸಿ ಒಸಿ ಗೊತ್ತಾಯ್ತಿತ್ತು ಕಣ್ಲಾ. ಪೂರ್ತಿ ಮರ್ತೋಗಿರ್ಲಿಲ್ಲ. ತಲೇಲಿ ಏನೋ ಸರಿಯಿಲ್ಲ ಅಂತ ಅನ್ನಸ್ತಿತ್ತು. ಆದ್ರೂ ಬಾಯ್ ಬುಡ್ಲಿಲ್ಲ."

"ಯಾಕೆ?"

"ಯಾಕೆ ಅಂದ್ರೆ? ನಾನ್ ಎದ್ರೆ ನೀನ್ ಇಳೀತೀಯ. ನೀನ್ ಇಳುದ್ರೆ ಸೋಲ್ತೀವಿ. ನಿನ್ ಕಾಲು ನಂಗೊತ್ತಿಲ್ವಾ?"

ಅದು ನಿಜವಾಗಿತ್ತು. ನಿಜವೆಂದು ಒಪ್ಪಿಕೊಂಡೆ.

"ಇನ್ನೊಂದ್ ಅರ್ಧ ಆಟ ಇತ್ತು, ಅಷ್ಟೇಯ," ಎಂದ. "ಏನಾಗೋದು? ಏನೂ ಆಗ್ತಿರ್ಲಿಲ್ಲ."

"ಇರಬಹುದು."

"ಮತ್ತ್ಯಾಕ್ ಹೋಗ್ ಹೇಳ್ದೆ?"

"ಏನಾದರೂ ಆಗುತ್ತಿತ್ತು ಅನ್ನುವುದೂ ಇರಬಹುದಿತ್ತಲ್ಲ."

ಅವನು ನಕ್ಕ, ಬೇಸರದ ನಗು. "ನಿನ್ ಜೊತೆ ಮಾತಾಡಿ ಯಾರ್ ಗೆದ್ದವ್ರೆ," ಎಂದು ಎದ್ದು ಒಳಗೆ ಹೊರಟ. ಹೊಸ್ತಿಲ ಹತ್ತಿರ ಅವನ ಕೈ ಗೋಡೆಗೆ ಹೋಯಿತು. ಒಂದು ಕ್ಷಣ ಅಷ್ಟೇ: ಕಣ್ಣು ಮುಚ್ಚಿ, ಗೋಡೆ ಹಿಡಿದು, ನೆಲ ತನ್ನ ಜಾಗಕ್ಕೆ ಬರುವವರೆಗೆ ಕಾಯುವವನ ಹಾಗೆ ನಿಂತ. ತಿರುಗಿದಾಗ ನಾನು ನೋಡಿದ್ದನ್ನು ನೋಡಿದ.

"ಏನಿಲ್ಲ ಕಣ್ಲಾ. ಬಿಸ್ಲು."

ಜಗಲಿಯ ಮೇಲೆ ನೆರಳಿತ್ತು. "ನಾಳೆ ಬೆಳಿಗ್ಗೆ ಬರುತ್ತೇನೆ. ರಾಮನಗರದ ಆಸ್ಪತ್ರೆಗೆ ಹೋಗೋಣ," ಎಂದೆ.

"ನಂಗೆ ಪಾಳಿ ಐತೆ."

"ರಜೆ ಹಾಕು."

"ರಜೆ ಹಾಕಿದ್ರೆ ಬ್ಯಾರೆಯವ್ನ ಹಾಕತಾರೆ. ನಿಂಗೇನಪ್ಪಾ, ಹೇಳ್ಬುಟ್ಟು ಹೋಯ್ತೀಯ. ಬರಬ್ಯಾಡ. ಇನ್ನೊಂದ್ ಸಲ ನನ್ ತಲೆ ವಿಚಾರಕ್ಕೆ ಬರಬ್ಯಾಡ." ಅವನು ಒಳಗೆ ಹೋದ. ಸೊಪ್ಪು ಹೆಚ್ಚುವ ಸದ್ದು ಆ ಹೊತ್ತಿಗೆ ನಿಂತಿತ್ತು.

ಮರುದಿನ ಬೆಳಿಗ್ಗೆ ಹೋದೆ. ಅವನು ಇರುವುದಿಲ್ಲವೆಂದು ಗೊತ್ತಿದ್ದೇ ಹೋದೆ. ಬರುತ್ತೇನೆಂದು ಹೇಳಿ ಬಾರದಿರುವುದು ಇನ್ನೊಂದು ತಪ್ಪಾಗುತ್ತಿತ್ತು. ಅವನ ಹೆಂಡತಿ ಒಳ್ಳೆಯ ಸೀರೆಯುಟ್ಟು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿಗೆ ಬೀಗ ಹಾಕಿ ಅಂಗಳದಲ್ಲಿ ನಿಂತಿದ್ದಳು.

"ಕೋಳಿ ಕೂಗಕ್ ಮುಂಚೇನೇ ಎದ್ದೋಗವ್ರೆ, ನೀವ್ ಬತ್ತೀರಿ ಅಂತಾವ," ಎಂದಳು. "ದಿನಾ ಹಿಂಗೇ ಗ್ವಾಡೆ ಹಿಡ್ಕತಾರೆ. ಎಣ್ಣೆ ಹಚ್ಚಿ ಅಂದ್ರೆ ಹಚ್ಚುಸ್ಕತಾರೆ, ಆಸ್ಪತ್ರೆ ಅಂದ್ರೆ ಆಗಕ್ಕಿಲ್ಲ."

ಅವಳು ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ, ನನ್ನನ್ನು ದಾಟಿ ರಸ್ತೆಯ ಕಡೆ ನಡೆಯತೊಡಗಿದಳು.

"ಬನ್ನಿ, ಫ್ಯಾಕ್ಟ್ರಿ ಗೇಟ್ ತಾವ್ಕೇ ಹೋಗಾನ. ಅಲ್ಲಿಂದ್ಲೇ ಎಳ್ಕಂಡೋಗಾನ. ನೀವೊಬ್ರೇ ಹೇಳಿದ್ರೆ ಅವ್ರ ಜಾಗದ್ ಮೇಲ್ ಕಣ್ಣು ಅಂತಾರೆ. ನಾನ್ ಹೇಳಿದ್ರೆ ಏನಂತಾರೆ, ನೋಡೇ ಬುಡಾನ."